ಸತ್ತ ಮೀನು ಕಲಿಸಿದ ಪಾಠ

ನಾಣ್ಯವೊಂದನ್ನು ಹತ್ತು ಬಾರಿ ಚಿಮ್ಮಿದಾಗ ಹತ್ತು ಬಾರಿಯೂ ಸಿಂಹದ ಮುಖವೇ ಮೇಲಾಗುವುದು ಅಪರೂಪ. ಅದರ ಸಂಭವ 1024ರಲ್ಲಿ ಒಂದು. ಆದರೆ ಎಂಟು ಸಾವಿರ ಜನ ಹೀಗೆ ಚಿಮ್ಮಿದರೆ ಸುಮಾರು ಎಂಟು ಮಂದಿಗೆ ಈ ಫಲ ದೊರೆಯುವುದು ಸಹಜ. ಅವರ ಕೈಯಲ್ಲಿ ಮಂತ್ರಶಕ್ತಿಯಿದೆಯೆಂದು ನಾವು ನಂಬುವುದಿಲ್ಲ. ಇಷ್ಟು ಸರಳವಾದ ಮಾತನ್ನು ವಿಜ್ಞಾನಿಗಳೂ ಒಮ್ಮೊಮ್ಮೆ ಮರೆಯುವುದುಂಟು.

ಮಿದುಳಿನ ಭಾಗವೊಂದು ಕಾರ್ಯನಿರತವಾದಾಗ ಅಲ್ಲಿಗೆ ಆಮ್ಲಜನಕವನ್ನು ಹೊತ್ತ ರಕ್ತ ಹೆಚ್ಚಾಗಿ ಹರಿಯುತ್ತದೆ. ಪ್ರಬಲವಾದ ಕಾಂತವುಳ್ಳ ಎಂ.ಆರ್.ಐ. ಯಂತ್ರವು ಈ ವ್ಯತ್ಯಾಸವನ್ನು ಗುರುತಿಸಬಲ್ಲುದು. ಸಂಶೋಧಕರು ಮಿದುಳಿನ ಚಿತ್ರವನ್ನು ಸಾವಿರಾರು ಪುಟ್ಟ ಘನಗಳಾಗಿ ವಿಂಗಡಿಸಿ, ‘ಇಲ್ಲಿ ಚಟುವಟಿಕೆ ಉಂಟೆ?’ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಪರೀಕ್ಷೆಗಳು ಹೆಚ್ಚಿದಷ್ಟೂ ಆಕಸ್ಮಿಕವಾದ ‘ಹೌದು’ಗಳೂ ಹೆಚ್ಚುತ್ತವೆ.

ಈ ಅಪಾಯವನ್ನು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ವಿನೋದವಾಗಿ ತೋರಿಸಿಕೊಟ್ಟರು. ಅವರು ಯಂತ್ರದೊಳಗೆ ಇರಿಸಿದ್ದು ಒಂದು ಸಾಲ್ಮನ್ ಮೀನನ್ನು; ಅದೂ ಸತ್ತ ಮೀನನ್ನು! ಅದಕ್ಕೆ ಮನುಷ್ಯರ ಛಾಯಾಚಿತ್ರಗಳನ್ನು ತೋರಿಸಿ, ಅವರ ಮನೋಭಾವವೇನೆಂದು ಕೇಳಿದರು. ಸಾವಿರಕ್ಕೆ ಒಂದು ತಪ್ಪನ್ನು ಮಾತ್ರ ಸಹಿಸುವ ಮಿತಿಯನ್ನು ಇಟ್ಟುಕೊಂಡರೂ, 8064 ಘನಗಳಲ್ಲಿ 16 ಘನಗಳು ‘ಚಟುವಟಿಕೆ’ ತೋರಿದವು. ಅವುಗಳಲ್ಲಿ ಕೆಲವು ಮೀನಿನ ಮಿದುಳಿನಲ್ಲಿಯೇ ಇದ್ದವು! ಪರೀಕ್ಷೆಗಳ ಸಂಖ್ಯೆಗೆ ತಕ್ಕ ತಿದ್ದುಪಡಿ ಮಾಡಿದೊಡನೆ ಒಂದೂ ಉಳಿಯಲಿಲ್ಲ. ಮೊದಲು ನಗಿಸಿ ಅನಂತರ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಸಲ್ಲುವ ಇಗ್ ನೊಬೆಲ್ ಬಹುಮಾನ 2012ರಲ್ಲಿ ಇವರಿಗೆ ದೊರೆಯಿತು.

ತಿದ್ದುಪಡಿಗೆ ಹಲವು ಮಾರ್ಗಗಳುಂಟು. ಇಟಲಿಯ ಗಣಿತಜ್ಞ ಬೊನ್ಫೆರೋನಿಯ ಹೆಸರಿನ ವಿಧಾನದಲ್ಲಿ ತಪ್ಪಿನ ಮಿತಿಯನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಇದು ಬಲು ಬಿಗಿಯಾದ ಜರಡಿ; ಹೊಟ್ಟಿನೊಂದಿಗೆ ಕಾಳನ್ನೂ ಕಳೆಯಬಹುದು. ಆದ್ದರಿಂದ ಇಸ್ರೇಲಿನ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಮತ್ತೊಂದು ಹಾದಿಯನ್ನು ಸೂಚಿಸಿದರು. ಕಂಡುಬಂದ ‘ಹೌದು’ಗಳಲ್ಲಿ ಸುಳ್ಳಿನ ಪಾಲು ಸರಾಸರಿಯಲ್ಲಿ ನೂರಕ್ಕೆ ಐದನ್ನು ಮೀರದಂತೆ, ಅಥವಾ ನಾವು ನಿಗದಿಪಡಿಸಿದ ಬೇರೊಂದು ಮಿತಿಯನ್ನು ಮೀರದಂತೆ, ನೋಡಿಕೊಳ್ಳುವುದೇ ಅದರ ಉದ್ದೇಶ.

ಸುಳ್ಳನ್ನು ನಿಜವೆಂದರೆ ರೋಗಿಗೆ ಇಲ್ಲದ ದೋಷವನ್ನು ಹೊರಿಸಿದಂತೆ. ನಿಜವನ್ನು ಅಲ್ಲಗಳೆದರೆ ಇರುವ ದೋಷವನ್ನು ಮರೆಮಾಚಿದಂತೆ. ಇವೆರಡರ ನಡುವೆ ಎಚ್ಚರದಿಂದ ನಡೆಯುವುದೇ ವಿವೇಕ. ಉತ್ತರ ಸಿಕ್ಕಿತೆಂದು ಹಿಗ್ಗುವ ಮುನ್ನ, ಎಷ್ಟು ಬಾರಿ ಪ್ರಶ್ನೆ ಕೇಳಿದೆನೆಂದು ಎಣಿಸಿಕೊಳ್ಳುವವನೇ ನಿಜವಾದ ಸತ್ಯಾನ್ವೇಷಿ.

ಅಭ್ಯಾಸ

1. ನಾಣ್ಯದ ಉದಾಹರಣೆಗೂ ಮೀನಿನ ಪ್ರಯೋಗಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ಬಿಗಿಯಾದ ಜರಡಿಯಿಂದ ಆಗಬಹುದಾದ ನಷ್ಟವೇನು?