ಮುಕ್ತ ತಂತ್ರಾಂಶ ಸಮುದಾಯಗಳಲ್ಲಿ ಚರ್ಚೆಯ ವ್ಯವಸ್ಥೆ

“ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ನಾಲ್ಕು ಜನ ಕೂಡಿ ಕುಳಿತಲ್ಲಿ ಈ ನುಡಿಯೊಂದೇ ಸಾಕು. ಆದರೆ ಸಾವಿರಾರು ಜನ, ಒಬ್ಬರ ಮುಖವನ್ನೊಬ್ಬರು ಕಾಣದೆ, ಬೇರೆ ಬೇರೆ ದೇಶಗಳಲ್ಲಿದ್ದುಕೊಂಡು ಒಂದೇ ಕೆಲಸವನ್ನು ಮಾಡುವಾಗ ಮಾತು ಬಲ್ಲುದಷ್ಟೇ ಸಾಲದು. ಮಾತಿಗೊಂದು ನೆಲೆಯನ್ನೂ ಏರ್ಪಡಿಸಬೇಕಾಗುತ್ತದೆ. ಮುಕ್ತ ತಂತ್ರಾಂಶವನ್ನು ಕಟ್ಟುವ ಸಮುದಾಯಗಳು ಇದಕ್ಕೆ ಒಳ್ಳೆಯ ನಿದರ್ಶನ.

ಯಾವ ತಂತ್ರಾಂಶದ ಮೂಲಬರಹವನ್ನು ಯಾರು ಬೇಕಾದರೂ ಓದಬಹುದೋ, ತಿದ್ದಬಹುದೋ, ಇತರರಿಗೆ ಹಂಚಬಹುದೋ ಅದು ಮುಕ್ತ ತಂತ್ರಾಂಶ. ಇದನ್ನು ಕಟ್ಟುವವರಲ್ಲಿ ಅನೇಕರು ಸಂಬಳವಿಲ್ಲದೆ, ಸ್ವಂತ ಇಚ್ಛೆಯಿಂದ ದುಡಿಯುವವರು. ಅವರನ್ನು ಒಂದುಗೂಡಿಸುವ ಕಚೇರಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಇರುವುದು ಚರ್ಚೆಯೊಂದೇ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಬಳಸುವವರ ಚರ್ಚಾಕೂಟದಲ್ಲಿ ತಾನೊಂದು ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಮಾಡುತ್ತಿರುವುದಾಗಿ ತಿಳಿಸಿ, ಮಿನಿಕ್ಸ್‌ನಲ್ಲಿ ಜನರಿಗೆ ಯಾವುದು ಹಿಡಿಸಿದೆ, ಯಾವುದು ಹಿಡಿಸಿಲ್ಲ ಎಂದು ಕೇಳಿದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲಿನಕ್ಸ್ ಹೀಗೆ ಒಂದು ಪ್ರಶ್ನೆಯ ಮೂಲಕ ಹೊರಜಗತ್ತಿಗೆ ಪರಿಚಯವಾಯಿತು. ಪ್ರಶ್ನೆ ಕೇಳಲು ಒಂದು ಕಟ್ಟೆ ಮೊದಲೇ ಇದ್ದುದರಿಂದ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಚರ್ಚೆಯ ವ್ಯವಸ್ಥೆಯಲ್ಲಿ ಮೊದಲನೆಯ ವಿಚಾರ ವಿಂಗಡಣೆ. 1993ರಲ್ಲಿ ಆರಂಭವಾದ ಡೆಬಿಯನ್ ಸಮುದಾಯವನ್ನು ನೋಡೋಣ. ಅಲ್ಲಿ ಪ್ರಕಟಣೆಗಳಿಗೆ ಒಂದು ಇ-ಮೇಲ್ ಪಟ್ಟಿ, ಬಳಕೆದಾರರ ಸಂದೇಹಗಳಿಗೆ ಇನ್ನೊಂದು, ತಂತ್ರಾಂಶ ಕಟ್ಟುವವರ ಚರ್ಚೆಗೆ ಮತ್ತೊಂದು. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಕೇಳುವವರಿಗೂ ಪ್ರತ್ಯೇಕ ಪಟ್ಟಿಗಳಿವೆ. ದೋಷ ಕಂಡುಬಂದರೆ ಅದಕ್ಕೊಂದು ಸಂಖ್ಯೆ ದೊರೆಯುತ್ತದೆ. ಅದು ತೀರುವವರೆಗೆ ಅದರ ಕಥೆಯನ್ನು ಯಾರಾದರೂ ಓದಬಹುದು. ದೋಷಗಳನ್ನು ಮರೆಮಾಚುವುದಿಲ್ಲವೆಂದು ಆ ಸಮುದಾಯವು 1997ರಲ್ಲಿಯೇ ತನ್ನ ಸಾಮಾಜಿಕ ಒಡಂಬಡಿಕೆಯಲ್ಲಿ ಘೋಷಿಸಿತು. ಈ ವಿಂಗಡಣೆಯಿಂದ, ಕೇವಲ ಪ್ರಕಟಣೆ ಬೇಕಾದವನು ನೂರು ವಾದಗಳನ್ನು ಓದಬೇಕಾಗಿಲ್ಲ. ಹೊಸಬನು ಪಂಡಿತರ ನಡುವೆ ನುಗ್ಗಿ ನಾಚಬೇಕಾಗಿಯೂ ಇಲ್ಲ.

ಹಾಗೆಂದು ವಿಂಗಡಣೆಯೇ ಗುರಿಯಲ್ಲ. ಇಪ್ಪತ್ತು ಜನರಿರುವ ಸಮುದಾಯವು ಹತ್ತು ಕೋಣೆಗಳನ್ನು ತೆರೆದರೆ ಒಂಬತ್ತು ಬರಿದಾಗಿರುತ್ತವೆ. ಬರಿದಾದ ಕೋಣೆಯಲ್ಲಿ ಪ್ರಶ್ನೆ ಕೇಳಿದವನು ಉತ್ತರ ಕಾಣದೆ, ಇಲ್ಲಿ ಯಾರೂ ಇಲ್ಲವೆಂದು ತಿಳಿದು ಹೊರಟುಹೋಗುವನು. ಆದುದರಿಂದ ಎರಡು ನೆಲೆಗಳಿಂದ ಆರಂಭಿಸಿ, ಜನಸಂದಣಿ ಹೆಚ್ಚಿದಂತೆ ಒಡೆಯುವುದು ಜಾಣತನ. ಮನೆ ಬೆಳೆದಂತೆ ಕೋಣೆ ಕಟ್ಟಬೇಕಲ್ಲದೆ ಕೋಣೆ ಕಟ್ಟಿ ಮನೆಮಂದಿಯನ್ನು ಹುಡುಕಬಾರದು.

ಎರಡನೆಯ ವಿಚಾರ ವೇಗಕ್ಕೂ ಸ್ಥಿರತೆಗೂ ಇರುವ ಭೇದ. ಚಾಟ್ ಎಂಬುದು ಹರಿಯುವ ನೀರು. ಅದರಲ್ಲಿ ಸ್ನೇಹ ಬೆಳೆಯುತ್ತದೆ, ಚಿಕ್ಕ ಸಂದೇಹ ಕ್ಷಣದಲ್ಲಿ ತೀರುತ್ತದೆ. ಆದರೆ ಅಲ್ಲಿ ನಿರ್ಣಯ ಕೈಗೊಂಡರೆ, ಆ ಗಳಿಗೆಯಲ್ಲಿ ಎಚ್ಚರವಿದ್ದವರ ಮಾತೇ ನಡೆಯುತ್ತದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಇಳಿಹಗಲಿನಲ್ಲಿ ನಡೆದ ಚರ್ಚೆ ನಮ್ಮ ನಾಡಿನಲ್ಲಿ ಬೆಳಗಿನ ಜಾವದ ನಿದ್ದೆಯ ಹೊತ್ತು. 1999ರಲ್ಲಿ ಸ್ಥಾಪಿತವಾದ ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ ಇದಕ್ಕೊಂದು ಪರಿಹಾರ ಕಂಡುಕೊಂಡಿದೆ. ಯಾರು ಎಲ್ಲಿ ಮಾತಾಡಿಕೊಂಡರೂ ಸರಿಯೆ. ನಿರ್ಣಯ ಮಾತ್ರ ಇ-ಮೇಲ್ ಪಟ್ಟಿಗೇ ಬರಬೇಕು, ಪಟ್ಟಿಯಲ್ಲಿ ನಡೆಯದಿದ್ದುದು ನಡೆಯಲೇ ಇಲ್ಲವೆಂದು ಲೆಕ್ಕ. ಮತದಾನಕ್ಕೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆಗಳ ಅವಕಾಶವಿರುತ್ತದೆ. ಮೂಲಬರಹದ ಬದಲಾವಣೆಯನ್ನು ತಡೆಯುವವನು ತಾಂತ್ರಿಕ ಕಾರಣವನ್ನು ಹೇಳಲೇಬೇಕು. ದೂರದಲ್ಲಿರುವವನಿಗೂ, ನಿಧಾನವಾಗಿ ಯೋಚಿಸುವವನಿಗೂ, ಇಂಗ್ಲಿಷನ್ನು ತಡವರಿಸಿ ಬರೆಯುವವನಿಗೂ ಈ 72 ಗಂಟೆಗಳು ದೊಡ್ಡ ರಕ್ಷಣೆ.

ಮೂರನೆಯದು ಕಟ್ಟೆಯ ಒಡೆತನ. 1990ರ ದಶಕದಿಂದ ನಡೆದುಬಂದಿದ್ದ ಫ್ರೀನೋಡ್ ಎಂಬ ಚಾಟ್ ಜಾಲದಲ್ಲಿ ಅನೇಕ ಮುಕ್ತ ತಂತ್ರಾಂಶ ಸಮುದಾಯಗಳು ನೆಲೆಸಿದ್ದವು. ಅದರ ಹತೋಟಿ ಯಾರದೆಂಬ ವಿವಾದ ಉಂಟಾಗಿ, 2021ರ ಮೇ ತಿಂಗಳಲ್ಲಿ ಸ್ವಯಂಸೇವಕ ಸಿಬ್ಬಂದಿ ಒಟ್ಟಾಗಿ ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ಕಟ್ಟಿದರು. ಉಬುಂಟು, ವಿಕಿಮೀಡಿಯ ಮೊದಲಾದ ಸಮುದಾಯಗಳು ಅಲ್ಲಿಗೆ ವಲಸೆ ಹೋದವು. ಸಮುದಾಯ ಬೇರೆ, ಅದು ಕುಳಿತ ಕಟ್ಟೆ ಬೇರೆ ಎಂಬ ಪಾಠವನ್ನು ಇದು ಕಲಿಸುತ್ತದೆ. ಬಾಡಿಗೆಯ ಕಟ್ಟೆಯಲ್ಲಿ ಕುಳಿತವರು ತಮ್ಮ ದಾಖಲೆಯ ಪ್ರತಿಯನ್ನೂ, ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಬೇರೊಂದು ದಾರಿಯನ್ನೂ ಇಟ್ಟುಕೊಂಡಿರಬೇಕು.

ಕಟ್ಟೆಯೆಂಬ ಮಾತು ನಮಗೆ ಹೊಸದಲ್ಲ. ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟಕ್ಕೆ “ಅರಳಿ ಕಟ್ಟೆ” ಎಂದೇ ಹೆಸರು. ಊರಿನ ಅರಳಿಕಟ್ಟೆಯಲ್ಲಿ ಯಾರು ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬ ಕಟ್ಟಳೆಗಳಿದ್ದುವು. ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಬರಹದ ಕಟ್ಟೆಯಲ್ಲಿ ಹಾಗಲ್ಲ. ಮನೆಯಲ್ಲಿ ಓದಿದವರಿಲ್ಲದ, ಯಾರನ್ನು ಕೇಳಬೇಕೆಂದು ತಿಳಿಯದ ವಿದ್ಯಾರ್ಥಿಗೆ, ಹತ್ತು ವರ್ಷಗಳ ಹಿಂದೆ ಯಾರೋ ಕೇಳಿದ ಪ್ರಶ್ನೆಯೂ ಅದಕ್ಕೆ ಯಾರೋ ತಾಳ್ಮೆಯಿಂದ ಬರೆದ ಉತ್ತರವೂ ಗುರುವಾಗಬಲ್ಲವು. ಮುಚ್ಚಿದ ಕೋಣೆಯಲ್ಲಿ ಹೇಳಿದ ಉತ್ತರ ಒಬ್ಬನಿಗೆ. ತೆರೆದ ಕಟ್ಟೆಯಲ್ಲಿ ಬರೆದಿಟ್ಟ ಉತ್ತರ ಮುಂದೆ ಬರುವವರೆಲ್ಲರಿಗೆ. ತಂತ್ರಾಂಶದ ಮೂಲಬರಹ ಮುಕ್ತವಾಗಿದ್ದು ಅದರ ಚರ್ಚೆ ಮುಚ್ಚಿಹೋದರೆ ಆ ಮುಕ್ತತೆ ಅರ್ಧ ಮಾತ್ರ. ಆದುದರಿಂದ ಚರ್ಚೆಯನ್ನು ಏರ್ಪಡಿಸುವವರು ಇಂದು ಕಟ್ಟೆಯ ಮೇಲೆ ಕುಳಿತವರನ್ನಷ್ಟೇ ನೆನೆಯದೆ, ನಾಳೆ ಬರಲಿರುವವನಿಗೂ ಸ್ಥಳವಿಟ್ಟು ವ್ಯವಸ್ಥೆ ಮಾಡತಕ್ಕದ್ದು.