ತಾಲೀಮು ತಪ್ಪಿಸಬೇಡ, ಪುಟ್ಟಿ

ಮೈಸೂರು

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ತಲುಪಿತು. ಅದರ ಬೆನ್ನಿಗೇ ನಿಮ್ಮಮ್ಮನ ಫೋನೂ ಬಂತು. ಹವ್ಯಾಸಿ ತಂಡವೊಂದರಲ್ಲಿ ನಿನಗೆ ಪಾತ್ರ ಸಿಕ್ಕಿದೆ, ಇನ್ನು ಕಂಪನಿಯ ಕೆಲಸ ಬಿಟ್ಟು ನಾಟಕ, ಧಾರಾವಾಹಿ, ಸಿನಿಮಾ ಎಂದು ಹೊರಡುತ್ತೀಯಂತೆ. ‘ನೀನಾದರೂ ಅವಳಿಗೆ ಬುದ್ಧಿ ಹೇಳೋ’ ಎಂದಳು ಅಕ್ಕ. ‘ನೀವಾದರೂ ಅಮ್ಮನಿಗೆ ಹೇಳಿ ಮಾವ’ ಎಂದು ನೀನು ಬರೆದಿದ್ದೀಯ. ಎರಡೂ ಕಡೆಯ ವಕಾಲತ್ತು ಒಬ್ಬನೇ ವಹಿಸುವುದು ಕಷ್ಟ. ಅದಕ್ಕೇ ನನಗೆ ತೋಚಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ: ನಾಟಕ ಬಿಡಬೇಡ, ಕೆಲಸವನ್ನೂ ಈಗಲೇ ಬಿಡಬೇಡ.

ಹಗಲು ದುಡಿದು ಸಂಜೆ ಬಣ್ಣ ಹಚ್ಚುವುದು ನಮ್ಮವರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ್ದು 1909ರಲ್ಲಿ. ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದ ಮುಂದೆ ನೀನು ಎಷ್ಟೋ ಸಲ ಹಾದುಹೋಗಿರಬಹುದು, ಆ ಹೆಸರು ಬಂದದ್ದು ಅಲ್ಲಿಂದಲೇ. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಸರ್ಕಾರಿ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಶ್ರೀರಂಗರು ಧಾರವಾಡದ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದರು. ಗಿರೀಶ ಕಾರ್ನಾಡರು 1960ರ ದಶಕದಲ್ಲಿ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಉದ್ಯೋಗಿಯಾಗಿದ್ದುಕೊಂಡೇ ಅಲ್ಲಿನ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡದಲ್ಲಿ ತೊಡಗಿಕೊಂಡಿದ್ದರು. ನಿನಗೆ ತುಂಬ ಇಷ್ಟದ ನಟ ದತ್ತಣ್ಣ ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು. ಬಿಡುವಿನಲ್ಲಿ ನಾಟಕ ಆಡಿಕೊಂಡಿದ್ದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದು, ‘ಮುನ್ನುಡಿ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಇಪ್ಪತ್ನಾಲ್ಕರಲ್ಲೇ ಬಸ್ಸು ತಪ್ಪಿಹೋಯಿತೆಂದು ನೀನು ಗಾಬರಿಪಡುವ ಕಾರಣವಿಲ್ಲ.

ಸಾಗರದ ಹತ್ತಿರದ ಹೆಗ್ಗೋಡಿನ ಕಥೆ ಇನ್ನೂ ಸೊಗಸು. 1949ರಲ್ಲಿ ಆ ಹಳ್ಳಿಯ ಅಡಿಕೆ ಬೆಳೆಗಾರರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿಕೊಂಡರು. ಅದೇ ಇವತ್ತಿನ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರೂ ಅಡಿಕೆ ತೋಟದವರೇ. ತೋಟ ಮಾರಿ ನಾಟಕ ಆಡುತ್ತೇನೆಂದು ಅವರು ಹೊರಡಲಿಲ್ಲ. ತೋಟ ನೋಡಿಕೊಂಡೇ ಊರಿಗೊಂದು ರಂಗಮಂದಿರ ಕಟ್ಟಿಸಿದರು.

ನಮ್ಮ ಮಂಡ್ಯದ ಕಡೆಗೆ ಬಾ. ಗದ್ದೆ ಕೆಲಸ ಮುಗಿಸಿದ ರೈತ, ಲೈನ್‌ಮನ್, ಅಂಗಡಿಯವ, ಮೇಷ್ಟ್ರು ರಾತ್ರಿ ಹೊತ್ತು ಒಂದೆಡೆ ಸೇರಿ ತಿಂಗಳುಗಟ್ಟಲೆ ‘ಕುರುಕ್ಷೇತ್ರ’ದ ತಾಲೀಮು ನಡೆಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಒಬ್ಬೊಬ್ಬರಿಂದಲೂ ಕಂದಪದ್ಯ ಹೇಳಿಸಿ, ಶ್ರುತಿಗೆ ಕೂರಿಸುತ್ತಾರೆ. ಪಾತ್ರಕ್ಕೆ ಸಂಭಾವನೆ ಸಿಗುವುದಿರಲಿ, ಪಾತ್ರಧಾರಿಯೇ ದುಡ್ಡು ಹಾಕಬೇಕು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಚಿಕ್ಕ ಪಾತ್ರಕ್ಕೆ ಕಡಿಮೆ. ಸೀನರಿಯ ಬಾಡಿಗೆ, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಕರೆಸುವ ನಟಿಯರ ಖರ್ಚು ಎಲ್ಲ ಅದರಲ್ಲೇ ಆಗಬೇಕು. ಪ್ರದರ್ಶನ ಬೆಳಗಿನ ಜಾವದವರೆಗೂ ನಡೆಯುತ್ತದೆ. ಮಾರನೆಯ ದಿನ ದುರ್ಯೋಧನ ಕಬ್ಬಿಗೆ ನೀರು ಹಾಯಿಸಲು ಹೋಗುತ್ತಾನೆ. ನಗರದವರು ಇದನ್ನು ಕಂಡು ನಗುವುದುಂಟು. ನೀನು ನಗಬೇಡ. ನಾಟಕದ ಮೇಲಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ.

ಈಗ ಮುಖ್ಯ ಮಾತು. ಹವ್ಯಾಸಿ ತಂಡದಲ್ಲಿ ಸಂಬಳವಿಲ್ಲ, ಹಾಜರಿ ಪುಸ್ತಕವಿಲ್ಲ, ರಜೆ ಕತ್ತರಿಸುವವರಿಲ್ಲ. ಹಾಗಾಗಿ ಅಲ್ಲಿ ಎಲ್ಲರನ್ನೂ ಕಟ್ಟಿಹಾಕುವುದು ಕೊಟ್ಟ ಮಾತು ಒಂದೇ. ‘ಹೇಗೂ ಹವ್ಯಾಸ ತಾನೆ, ಇವತ್ತೊಂದು ದಿನ’ ಎಂದು ನೀನು ತಾಲೀಮು ತಪ್ಪಿಸಿದರೆ ಏನಾಗುತ್ತದೆ ಗೊತ್ತೇ? ನಿನ್ನ ಎದುರು ಪಾತ್ರದವಳು ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಕೆಂಗೇರಿಯಿಂದ ಬಂದಿರುತ್ತಾಳೆ. ನಿನ್ನ ಮಾತನ್ನು ಇನ್ಯಾರೋ ಪುಸ್ತಕ ನೋಡಿ ಓದುತ್ತಾರೆ. ನೀನು ಎಲ್ಲಿ ತಡೆಯುತ್ತೀಯ, ಯಾವ ಮಾತಿಗೆ ತಿರುಗಿ ನೋಡುತ್ತೀಯ ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ಪ್ರದರ್ಶನದ ದಿನ ಅವಳು ತಡವರಿಸಿದರೆ ಆ ಹೊಣೆ ನಿನ್ನದು. ನಮ್ಮ ಬ್ಯಾಂಕಿನ ನಾಟಕಗಳಲ್ಲಿ ಪ್ರಾಂಪ್ಟರ್ ಆಗಿ ಸೈಡ್‌ವಿಂಗ್‌ನಲ್ಲಿ ನಿಂತು ನಾನು ಕಂಡದ್ದು ಇದು: ಪ್ರತಿಭೆ ಸಾಲದೆ ಬಿದ್ದ ನಾಟಕ ಕಡಿಮೆ, ತಾಲೀಮಿಗೆ ಜನ ಬಾರದೆ ಬಿದ್ದದ್ದೇ ಹೆಚ್ಚು.

ಆದ್ದರಿಂದ ಮಾತುಗಳನ್ನು ಗಡುವಿಗೆ ಮುಂಚೆಯೇ ಬಾಯಿಪಾಠ ಮಾಡಿಕೋ. ಪುಸ್ತಕ ಕೈಯಲ್ಲಿರುವವರೆಗೆ ಅಭಿನಯ ಶುರುವಾಗುವುದಿಲ್ಲ. ಒಂದು ನಾಟಕದಲ್ಲಿ ಬಣ್ಣ ಹಚ್ಚಿದರೆ ಇನ್ನೊಂದರಲ್ಲಿ ರಂಗದ ಹಿಂದೆ ದುಡಿ. ಪ್ರಾಪರ್ಟಿ ಎಣಿಸಿ ಇಡು, ಬಟ್ಟೆಗೆ ಇಸ್ತ್ರಿ ಹಾಕು, ಲೈಟಿನವರ ಪಕ್ಕದಲ್ಲಿ ಕೂತು ಯಾವ ಮಾತಿಗೆ ಯಾವ ಬೆಳಕು ಎಂದು ನೋಡು. ಬೆಳಕು ಎಲ್ಲಿ ಬೀಳುತ್ತದೆಂದು ತಿಳಿದ ನಟಿ ಕತ್ತಲಲ್ಲಿ ನಿಂತು ಮಾತಾಡುವುದಿಲ್ಲ. ಬೇರೆಯವರ ನಾಟಕಗಳನ್ನೂ ಬಿಡದೆ ನೋಡು. ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ನೋಡುವವರಿಗೇ ಅಷ್ಟು ಶಿಸ್ತು ಬೇಕಾದರೆ ಆಡುವವರಿಗೆ ಎಷ್ಟು ಬೇಕು?

ಇನ್ನು ಧಾರಾವಾಹಿ, ಸಿನಿಮಾ. ಹೋಗಬೇಡ ಎನ್ನುವುದಿಲ್ಲ. ಆದರೆ ಅಲ್ಲಿಗೆ ಬರಿಗೈಲಿ ಹೋಗಬೇಡ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀಯವರನ್ನು ರಂಗಭೂಮಿಯ ಮಂದಿ ಇವತ್ತಿಗೂ ನೆನೆಯುವುದು ‘ಒಡಲಾಳ’ ನಾಟಕದ ಸಾಕವ್ವನಾಗಿ. ‘ನಾನು ಅವನಲ್ಲ ಅವಳು’ ಚಿತ್ರದ ವಿಜಯ್ ತಮ್ಮ ಹೆಸರಿನ ಹಿಂದೆ ಇಟ್ಟುಕೊಂಡದ್ದು ತಾವು ಪಳಗಿದ ‘ಸಂಚಾರಿ’ ತಂಡದ ಹೆಸರನ್ನೇ. ಹೀಗೆ ಪಳಗಿ ಹೋದವರಿಗೆ ಒಂದು ಪಾತ್ರ ಕೈತಪ್ಪಿದರೂ ಕಲೆ ಕೈಯಲ್ಲಿ ಉಳಿದಿರುತ್ತದೆ.

ಕೆಲವು ಎಚ್ಚರಿಕೆಗಳು. ‘ಪಾತ್ರ ಕೊಡಿಸುತ್ತೇವೆ, ಮೊದಲು ಇಷ್ಟು ಕಟ್ಟಿ’ ಎಂದು ಯಾರಾದರೂ ಅಂದರೆ ಎದ್ದು ಬಾ. ಮಂಡ್ಯದಲ್ಲಿ ದುಡ್ಡು ಹಾಕಿದವನಿಗೆ ಪಾತ್ರವೂ ಸಿಗುತ್ತದೆ, ಲೆಕ್ಕವೂ ಊರಿಗೆಲ್ಲ ಗೊತ್ತಿರುತ್ತದೆ. ಹೀಗೆ ದುಡ್ಡು ಕೇಳುವವರ ಹತ್ತಿರ ರಸೀತಿಯೂ ಸಿಗದು. ಎಷ್ಟು ದಿನದ ಶೂಟಿಂಗ್, ದಿನಕ್ಕೆ ಎಷ್ಟು, ಯಾವಾಗ ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆ. ಆಡಿಷನ್‌ಗೆ ಯಾವುದೋ ಹೋಟೆಲ್ ಕೋಣೆಗೆ ಕರೆದರೆ ಹೋಗಬೇಡ. ತಾಲೀಮು ತಡವಾದಾಗ ಮನೆ ಸೇರಿಸುವ ವ್ಯವಸ್ಥೆ ಏನೆಂದು ಮೊದಲ ದಿನವೇ ಕೇಳು. ಕೇಳಿದ್ದಕ್ಕೆ ಮುಖ ಸಿಂಡರಿಸುವ ತಂಡ ನಿನಗೆ ಬೇಡ.

‘ಹೆಣ್ಣುಮಕ್ಕಳಿಗೆ ಯಾಕೆ ಇದೆಲ್ಲ’ ಎಂದು ಬಂಧುಗಳು ಎಂದರೆ ನಮ್ಮ ಮೈಸೂರಿನ ಆರ್. ನಾಗರತ್ನಮ್ಮನವರ ಹೆಸರು ಹೇಳು. 1958ರಲ್ಲೇ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿ, ಕಂಸ, ದುರ್ಯೋಧನರಂಥ ಪಾತ್ರಗಳನ್ನು ತಾವೇ ಮಾಡಿ, 2012ರಲ್ಲಿ ಪದ್ಮಶ್ರೀ ಪಡೆದರು. ಈ ಮಾತಿಗೆ ನಿಮ್ಮಮ್ಮನೂ ಸುಮ್ಮನಾಗುತ್ತಾಳೆ.

ಎರಡು ವರ್ಷ ಹೀಗೆ ನಡೆಸು. ಸಂಬಳದಲ್ಲಿ ಒಂದು ಪಾಲನ್ನು ಬೇರೆ ಎತ್ತಿಡು. ಕೈಕೊಟ್ಟ ನಾಟಕ, ಖಾಲಿ ಕುರ್ಚಿ, ಚಿಕ್ಕ ಪಾತ್ರ ಎಲ್ಲವನ್ನೂ ಕಂಡ ಮೇಲೂ ಇದೇ ಬೇಕು ಎನ್ನಿಸಿದರೆ, ಆಗ ಕೆಲಸ ಬಿಟ್ಟು ಕಲಿಯಲು ಹೋಗು. ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ನಮ್ಮ ಮನೆಯಿಂದ ಒಂದು ಸಿಟಿ ಬಸ್ಸಿನ ದೂರ. ಅಲ್ಲಿಗೆ ಬರುವುದಾದರೆ ಮೇಲಿನ ಕೋಣೆ ಖಾಲಿಯಿದೆ, ಊಟ ನಿನ್ನ ಅತ್ತೆಯದು. ಅಕ್ಕನನ್ನು ಒಪ್ಪಿಸುವ ಕೆಲಸ ನನ್ನದು.

ಸದ್ಯಕ್ಕೆ ಈ ನಾಟಕದ ತಾರೀಕು ಗೊತ್ತಾದ ಕೂಡಲೇ ತಿಳಿಸು. ನಾವಿಬ್ಬರೂ ಬರುತ್ತೇವೆ, ನಿಮ್ಮಮ್ಮನನ್ನೂ ಕರೆತರುತ್ತೇವೆ. ನಮಗೆ ಪಾಸು ಕಳಿಸಬೇಡ. ನೆಂಟರಿಷ್ಟರೆಲ್ಲ ಪುಕ್ಕಟೆ ಬಂದು ಕೂತರೆ ನಿಮ್ಮ ತಂಡ ರಂಗಮಂದಿರದ ಬಾಡಿಗೆ ಎಲ್ಲಿಂದ ಕಟ್ಟಬೇಕು? ಟಿಕೆಟ್ ಕೊಂಡೇ ಬರುತ್ತೇವೆ. ನಿನ್ನ ಆಫೀಸಿನ ಗೆಳತಿಯರಿಗೂ ಇದನ್ನೇ ಹೇಳು.

ಇಂತಿ ನಿನ್ನ,
ಸೋದರಮಾವ