ಹಳೆಯ ಭಾವಚಿತ್ರಗಳೂ ಕಡತದ ರೂಪಗಳೂ

ಈ ಸಂಚಿಕೆಗಾಗಿ ಹಿಂದೂಪುರ, ಕಲ್ಯಾಣದುರ್ಗಗಳ ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕಳುಹಿಸಿದ ಶಾಲಾ ಭಾವಚಿತ್ರಗಳಲ್ಲಿ ಹಲವು ಮಸುಕಾಗಿದ್ದವು. ಕಾಗದ ಹಳತಾಯಿತೆಂದೇ ಮೊದಲು ಭಾವಿಸಿದೆನು. ದೋಷವಿದ್ದುದು ಪ್ರತಿ ಮಾಡಿದ ಕ್ರಮದಲ್ಲಿ.

1992ರಲ್ಲಿ ಮಾನಕವಾದ ಜೆಪೆಗ್ ರೂಪವು, ಕಣ್ಣು ಸುಲಭವಾಗಿ ಗುರುತಿಸದ ಸೂಕ್ಷ್ಮಾಂಶಗಳನ್ನು ಕೈಬಿಟ್ಟು ಕಡತವನ್ನು ಕಿರಿದುಗೊಳಿಸುತ್ತದೆ. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ನಷ್ಟವು ಬೆಳೆಯುತ್ತದೆ. ಹಿಂದಿನ ಸಾಲಿನ ಪುಟ್ಟ ಮುಖಗಳು ಗುರುತು ಸಿಗದಂತಾಗುತ್ತವೆ. (ಹಿಂದಿನ ಸಾಲಿನವರಿಗೆ ಎಂದೂ ಇದೇ ಗತಿ!) ವಾಟ್ಸಪ್ಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಇನ್ನಷ್ಟು ಕುಗ್ಗುತ್ತದೆ. ಅನಂತರ ಪಿಎನ್‌ಜಿ ರೂಪಕ್ಕೆ ಪರಿವರ್ತಿಸಿದರೂ ಕಳೆದುದು ಮರಳಿ ಬಾರದು; ಮುಂದಿನ ನಷ್ಟ ಮಾತ್ರ ತಪ್ಪೀತು.

ಆದುದರಿಂದ ಮೂಲ ಚಿತ್ರವನ್ನು ಸ್ಕ್ಯಾನ್ ಮಾಡಿಸುವಾಗಲೇ ಏನನ್ನೂ ಕೈಬಿಡದ ಟಿಫ್ ರೂಪದಲ್ಲಿ ಪಡೆದು, ಅದನ್ನು ತಿದ್ದದೆ ಇರಿಸಿಕೊಂಡು, ಬಂಧುಮಿತ್ರರಿಗೆ ಅದರಿಂದ ತೆಗೆದ ಜೆಪೆಗ್ ಪ್ರತಿಯನ್ನು ಕಳುಹಿಸಿರಿ. ಕಾಗದದ ಚಿತ್ರವನ್ನಂತೂ ಎಸೆಯಬೇಡಿರಿ.